ಹೊಸಬರ ಅರ್ಹತೆ, ಕೊಟ್ಟವರ ಹೊಣೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಹಾಕಿಕೊಳ್ಳಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇವು ಇಲ್ಲದ, ಆದರೆ ಬೇರೆಲ್ಲ ರೀತಿಯಲ್ಲೂ ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಶಾಲೆಗಳಲ್ಲಿ ಉಳಿದುಕೊಂಡಿವೆ. ಅವುಗಳ ಒಡೆಯರಲ್ಲಿ ಒಂದಷ್ಟು ಜನ ಸ್ವತಂತ್ರ ತಂತ್ರಾಂಶವಾದ ಲಿನಕ್ಸ್ ಕಡೆ ಮುಖ ಮಾಡಿದ್ದಾರೆ. ಇವರು ಸ್ವಾತಂತ್ರ್ಯವನ್ನು ಅರಸಿಕೊಂಡು ಬಂದವರಲ್ಲ. ಸೋರ್ಸ್ ಕೋಡ್ ಓದಬೇಕೆಂಬ ಆಸೆಯೂ ಇವರಿಗಿಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಬಂದವರು. ಇಂಥವರು ಬಂದು ತಡವರಿಸಿದಾಗ ಕೇಳಬೇಕಾದ ಪ್ರಶ್ನೆಯೊಂದಿದೆ, ಅದು ಮೇಲ್ನೋಟಕ್ಕೆ ತಾಂತ್ರಿಕವಾಗಿ ಕಂಡರೂ ಬೇರಿನಲ್ಲಿ ಧರ್ಮದ ಪ್ರಶ್ನೆ: ಒಂದು ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದ್ದೇವೆ ಎನ್ನುವವರ ಹೊಣೆ ಕೊಟ್ಟಲ್ಲಿಗೆ ಮುಗಿಯುತ್ತದೆಯೇ? ಪಡೆದವನಿಗೆ ಅದನ್ನು ಬಳಸಲು ಬಾರದಿದ್ದರೆ ಕೊರತೆ ಯಾರದು?

ನಮ್ಮ ದರ್ಶನಗಳಲ್ಲಿ ಈ ಪ್ರಶ್ನೆಗೆ ಹಳೆಯ, ಚೆನ್ನಾಗಿ ಯೋಚಿಸಿದ ಉತ್ತರವೊಂದಿದೆ. ಅದು ಅಧಿಕಾರಿಯ, ಅಂದರೆ ಅರ್ಹನಾದವನ, ವಿಚಾರ. ಯಾವ ಶಾಸ್ತ್ರ ಯಾರಿಗೆ ಎಂಬುದನ್ನು ಶಾಸ್ತ್ರದ ಆರಂಭದಲ್ಲೇ ನಿರ್ಣಯಿಸಬೇಕು ಎನ್ನುವುದು ಪದ್ಧತಿ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಬಾಗಿಲಲ್ಲೇ ನಾಲ್ಕು ಸಾಧನಗಳನ್ನು ಹೇಳುತ್ತಾರೆ: ನಿತ್ಯ ಯಾವುದು ಅನಿತ್ಯ ಯಾವುದು ಎಂಬ ವಿವೇಕ, ಇಹಪರಗಳ ಭೋಗದಲ್ಲಿ ವೈರಾಗ್ಯ, ಶಮ ದಮ ಮೊದಲಾದ ಸಂಪತ್ತು, ಮತ್ತು ಬಿಡುಗಡೆಯ ತೀವ್ರ ಹಂಬಲ, ಅಂದರೆ ಮುಮುಕ್ಷುತ್ವ. ಇವಿದ್ದವನು ಬ್ರಹ್ಮಜಿಜ್ಞಾಸೆಗೆ ತೊಡಗಬಹುದು. ಇದನ್ನು ಬರೀ ದರ್ಪವೆಂದು ತಳ್ಳಿಹಾಕುವುದು ತಪ್ಪು. ಹಂಬಲವೇ ಇಲ್ಲದವನಿಗೆ ಬಿಡುಗಡೆಯ ಮಾತು ಕಿವಿಗೆ ಬಿದ್ದೂ ಬೀಳದಂತೆ ಹೋಗುತ್ತದೆ ಎಂಬುದರಲ್ಲಿ ಅನುಭವದ ಸತ್ಯವಿದೆ. ಲಿನಕ್ಸ್ ಲೋಕದ ಹಳಬರು ಹೊಸಬರಿಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮೊದಲು ಕೈಪಿಡಿ ಓದು, ಟರ್ಮಿನಲ್‌ಗೆ ಹೆದರುವುದನ್ನು ಬಿಡು, ವಿಂಡೋಸ್‌ನ ಅಭ್ಯಾಸಗಳನ್ನು ಮರೆ, ನಿನ್ನ ಯಂತ್ರ ನಿನ್ನದಾಗಬೇಕೆಂಬ ಆಸೆ ನಿಜವಾಗಿ ಇದೆಯೇ ನೋಡಿಕೋ, ಇಷ್ಟಿದ್ದರೆ ಬಾ. ವಿವೇಕ, ಧೈರ್ಯ, ವೈರಾಗ್ಯ, ಮುಮುಕ್ಷುತ್ವ. ಈ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಎದುರಿಸಬೇಕು. ನನ್ನ ಪಕ್ಷ ಇದು: ಸ್ವಾತಂತ್ರ್ಯ ಎಲ್ಲರಿಗೂ ಸೇರಿದ್ದು ಎಂದು ಘೋಷಿಸಿದವರು, ಘೋಷಿಸಿದ ಗಳಿಗೆಯಲ್ಲೇ ಅರ್ಹತೆಯ ವಾದವನ್ನು ಕೈಬಿಟ್ಟಿದ್ದಾರೆ. ಅಲ್ಲಿಂದ ಮುಂದೆ ಅರ್ಹತೆ ಹೊಸಬನು ಹೊತ್ತು ತರಬೇಕಾದ ಸಾಮಗ್ರಿಯಲ್ಲ, ಕೊಟ್ಟವರು ಅವನಲ್ಲಿ ಬೆಳೆಸಬೇಕಾದ ಶಕ್ತಿ.

ಆ ಘೋಷಣೆ ಏನೆಂದು ನೋಡೋಣ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು. ಅವರು ನಾಲ್ಕು ಸ್ವಾತಂತ್ರ್ಯಗಳನ್ನು ಸೊನ್ನೆಯಿಂದ ಮೂರರವರೆಗೆ ಎಣಿಸುತ್ತಾರೆ: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವ ಸ್ವಾತಂತ್ರ್ಯ, ಅದು ಹೇಗೆ ಕೆಲಸ ಮಾಡುತ್ತದೆಂದು ಅಧ್ಯಯನ ಮಾಡಿ ಬದಲಿಸುವ ಸ್ವಾತಂತ್ರ್ಯ, ಪ್ರತಿಗಳನ್ನು ಹಂಚುವ ಸ್ವಾತಂತ್ರ್ಯ, ಬದಲಿಸಿದ್ದನ್ನು ಹಂಚುವ ಸ್ವಾತಂತ್ರ್ಯ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ ಲಿನಕ್ಸ್ ಕರ್ನಲ್ ಮರುವರ್ಷ ಗ್ನೂ ಪರವಾನಗಿಯಡಿ ಬಂದಾಗ ಈ ನಾಲ್ಕೂ ಸ್ವಾತಂತ್ರ್ಯಗಳಿರುವ ಪೂರ್ಣ ವ್ಯವಸ್ಥೆಯೊಂದು ಕೈಗೆ ಸಿಕ್ಕಿತು. ಪ್ರೋಗ್ರಾಮಿಂಗ್ ಬಾರದವನಿಗೆ ಅಧ್ಯಯನದ ಸ್ವಾತಂತ್ರ್ಯದಿಂದ ಏನು ಉಪಯೋಗ ಎಂದು ಕೇಳಿದರೆ ಅದಕ್ಕೆ ಒಳ್ಳೆಯ ಉತ್ತರವಿದೆ. ಅವನ ಪರವಾಗಿ ಬೇರೆಯವರು ಓದುತ್ತಾರೆ, ದೋಷ ಹುಡುಕುತ್ತಾರೆ, ತಿದ್ದಿ ಹಂಚುತ್ತಾರೆ. ಪತ್ರಿಕಾ ಸ್ವಾತಂತ್ರ್ಯ ಪತ್ರಿಕೆ ನಡೆಸದವನಿಗೂ ಫಲ ಕೊಡುವ ಹಾಗೆ. ಈ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅದು ಮೂರು ಸ್ವಾತಂತ್ರ್ಯಗಳಿಗೆ ಮಾತ್ರ ಸಲ್ಲುತ್ತದೆ. ಮೊದಲನೆಯದನ್ನು, ಅಂದರೆ ನಡೆಸುವ ಸ್ವಾತಂತ್ರ್ಯವನ್ನು, ನನ್ನ ಪರವಾಗಿ ಇನ್ನೊಬ್ಬರು ಅನುಭವಿಸಲಾರರು. ನನ್ನ ಮೇಜಿನ ಮೇಲಿನ ಯಂತ್ರದಲ್ಲಿ ನನ್ನ ಕಾಗದಪತ್ರವನ್ನು ನಾನೇ ತೆರೆಯಬೇಕು, ನಾನೇ ಮುದ್ರಿಸಬೇಕು. ಅಲ್ಲಿ ನಾನು ಸೋತರೆ ಉಳಿದ ಮೂರರ ಫಲವೂ ನನ್ನವರೆಗೆ ಬರುವುದಿಲ್ಲ. ಎಣಿಕೆಯಲ್ಲಿ ಮೊದಲು ನಿಂತ ಸ್ವಾತಂತ್ರ್ಯವೇ ಬಳಕೆಯ ಸೌಲಭ್ಯಕ್ಕೆ ಅತ್ಯಂತ ಗಾಢವಾಗಿ ಅಂಟಿಕೊಂಡಿದೆ, ಮತ್ತು ಆ ಸೌಲಭ್ಯವನ್ನು ಮೇಲ್ಪದರದ ಅಲಂಕಾರವೆಂದು ಬಗೆಯುವುದು ಆ ಸ್ವಾತಂತ್ರ್ಯವನ್ನೇ ಹಗುರವಾಗಿ ಕಂಡಂತೆ. ಅಮರ್ತ್ಯ ಸೇನ್ ಅಭಿವೃದ್ಧಿಯ ಬಗ್ಗೆ ಬರೆಯುತ್ತ ಇದೇ ಭೇದವನ್ನು ಎತ್ತಿ ತೋರಿಸಿದರು: ಒಬ್ಬನ ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ಅವನನ್ನು ಯಾರೂ ತಡೆಯುತ್ತಿಲ್ಲ ಎಂಬುದರಿಂದಷ್ಟೇ ಅಲ್ಲ, ಅವನು ವಾಸ್ತವವಾಗಿ ಏನು ಮಾಡಬಲ್ಲ, ಏನಾಗಬಲ್ಲ ಎಂಬುದರಿಂದ.

ಒಂದು ಘಟನೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2021ರ ನವೆಂಬರ್‌ನಲ್ಲಿ ಕೆನಡಾದ ಯೂಟ್ಯೂಬ್ ನಿರೂಪಕ ಲಿನಸ್ ಸೆಬಾಸ್ಟಿಯನ್ ಲಿನಕ್ಸ್‌ಗೆ ಬದಲಾಗುವ ಪ್ರಯೋಗವನ್ನು ಜಗತ್ತಿನ ಮುಂದಿಟ್ಟರು. ಕಂಪ್ಯೂಟರ್ ಯಂತ್ರಭಾಗಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಪಳಗಿದವರು ಅವರು. ಹೊಸಬರಿಗೆ ಸುಲಭವೆಂದು ಹೆಸರಾದ ಪಾಪ್ ಓಎಸ್ ಆರಿಸಿಕೊಂಡರು. ಆಟಗಳಿಗೆ ಬೇಕಾದ ಸ್ಟೀಮ್ ಎಂಬ ತಂತ್ರಾಂಶವನ್ನು ಚಿತ್ರರೂಪದ ಅಂಗಡಿಯಿಂದ ಹಾಕಲು ಹೋದರೆ ಆಗಲಿಲ್ಲ. ಅಂತರ್ಜಾಲದಲ್ಲಿ ಎಲ್ಲರೂ ಹೇಳುವಂತೆ ಟರ್ಮಿನಲ್ ತೆರೆದು ಆಜ್ಞೆ ಕೊಟ್ಟರು. ಪರದೆಯ ಮೇಲೆ ಪ್ಯಾಕೇಜುಗಳ ಉದ್ದ ಪಟ್ಟಿ ಹರಿದುಹೋಯಿತು. ಅವುಗಳಲ್ಲಿ ಕೆಲವನ್ನು ತೆಗೆದುಹಾಕಲಾಗುವುದು, ಇದರಿಂದ ಹಾನಿಯಾಗಬಹುದು, ಮುಂದುವರಿಯಬೇಕಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅಕ್ಷರಶಃ ಟೈಪ್ ಮಾಡಿ ಎಂಬ ಸೂಚನೆ ಬಂತು. ಅವರು ಟೈಪ್ ಮಾಡಿದರು. ಆ ಪ್ಯಾಕೇಜುಗಳಲ್ಲಿ ಇಡೀ ಡೆಸ್ಕ್‌ಟಾಪ್ ಇತ್ತು. ಯಂತ್ರ ಮತ್ತೆ ಎದ್ದಾಗ ಕಪ್ಪು ಪರದೆಯ ಮೇಲೆ ಲಾಗಿನ್ ಕೇಳುವ ಅಕ್ಷರಗಳಷ್ಟೇ ಉಳಿದಿದ್ದವು.

ಆಗ ಎದ್ದ ಚರ್ಚೆಯಲ್ಲಿ ಒಂದು ವಾದ ಬಲವಾಗಿ ಕೇಳಿಬಂತು: ಎಚ್ಚರಿಕೆ ಬರಹದಲ್ಲೇ ಇತ್ತು, ಓದದೆ ಒಪ್ಪಿದ್ದು ಅವರ ತಪ್ಪು. ಇದು ಸಮ್ಮತಿಯ ಬಗೆಗಿನ ಒಂದು ಸಿದ್ಧಾಂತ, ಮತ್ತು ಬಹಳ ದುರ್ಬಲ ಸಿದ್ಧಾಂತ. ಆಪರೇಷನ್‌ಗೆ ಮುನ್ನ ರೋಗಿ ಸಹಿ ಹಾಕಿದ ಮಾತ್ರಕ್ಕೆ ವೈದ್ಯರ ಹೊಣೆ ಮುಗಿಯುವುದಿಲ್ಲ ಎಂದು ವೈದ್ಯ ನೀತಿಶಾಸ್ತ್ರ ಕಟ್ಟುನಿಟ್ಟಾಗಿ ಹೇಳುತ್ತದೆ. ಏನಾಗಲಿದೆ ಎಂಬುದು ರೋಗಿಗೆ ಅರ್ಥವಾಗುವ ಮಾತಿನಲ್ಲಿ ತಿಳಿದಿರಬೇಕು. ಆ ಪರದೆಯ ಮೇಲಿದ್ದ ಪ್ಯಾಕೇಜಿನ ಹೆಸರುಗಳು ಅದನ್ನು ಕಟ್ಟಿದವರಿಗೆ ಅರ್ಥವಾಗುತ್ತಿದ್ದವು. 'ನಿಮ್ಮ ಡೆಸ್ಕ್‌ಟಾಪ್ ಅಳಿಸಿಹೋಗುತ್ತದೆ' ಎಂಬ ಒಂದು ಸರಳ ವಾಕ್ಯ ಅಲ್ಲಿರಲಿಲ್ಲ. ಅಷ್ಟೇ ಅಲ್ಲ, ಹೊಸಬನು ಪ್ರತಿದಿನ ಅರ್ಥವಾಗದ ಹತ್ತು ಎಚ್ಚರಿಕೆಗಳಿಗೆ ಹೌದು ಎನ್ನುತ್ತಲೇ ಮುಂದೆ ಸಾಗಬೇಕಾದ ವ್ಯವಸ್ಥೆಯಲ್ಲಿ ಹನ್ನೊಂದನೆಯದಕ್ಕೂ ಹೌದು ಎನ್ನುವಂತೆ ಅವನನ್ನು ತರಬೇತುಗೊಳಿಸಿದ್ದು ಆ ವ್ಯವಸ್ಥೆಯೇ. ಅರಿವಿಲ್ಲದ ಸಮ್ಮತಿಯನ್ನು ಸ್ವಾತಂತ್ರ್ಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಇದನ್ನು ಕಟ್ಟಿದವರೇ ಅರಿತುಕೊಂಡರು ಎಂಬುದು ನನಗೆ ಈ ಪ್ರಸಂಗದ ಅತ್ಯಂತ ಮುಖ್ಯ ಭಾಗ. ಪ್ಯಾಕೇಜಿನ ದೋಷ ಬೇಗನೆ ಸರಿಹೋಯಿತು. ಜೊತೆಗೆ, ಪಾಪ್ ಓಎಸ್ ಕೂಡ ಸೇರಿದ ಡೆಬಿಯನ್ ಬಳಗದ ಲಿನಕ್ಸ್ ವ್ಯವಸ್ಥೆಗಳೆಲ್ಲ ಬಳಸುವ ಆಪ್ಟ್ ಎಂಬ ಸಾಧನವನ್ನೇ ಬದಲಿಸಿದರು. ವ್ಯವಸ್ಥೆಯ ಜೀವಾಳವಾದ ಪ್ಯಾಕೇಜುಗಳನ್ನು ಕಿತ್ತುಹಾಕುವ ಪರಿಹಾರವನ್ನು ಅದು ಇನ್ನು ತಾನಾಗಿ ಮುಂದಿಡುವುದಿಲ್ಲ. ಬೇಕೆಂದೇ ತೆಗೆಯುವವನಿಗೆ ದಾರಿ ಈಗಲೂ ಇದೆ. ಯಾರ ಸ್ವಾತಂತ್ರ್ಯವೂ ಕಡಿಮೆಯಾಗಲಿಲ್ಲ, ಅರಿಯದೆ ಬೀಳುವ ಹಳ್ಳವೊಂದು ಮುಚ್ಚಿತು.

ಇಲ್ಲಿ ಅರ್ಹತಾವಾದಿಯ ಅತ್ಯಂತ ಗಂಭೀರ ಆಕ್ಷೇಪಣೆ ಎದುರಾಗುತ್ತದೆ. ಕಷ್ಟವೇ ಕಲಿಸುವುದು, ಎಲ್ಲ ಹಳ್ಳಗಳನ್ನೂ ಮುಚ್ಚಿದರೆ ಬಳಕೆದಾರ ಮತ್ತೆ ವಿಂಡೋಸ್‌ನಲ್ಲಿದ್ದಂತೆಯೇ ನಿದ್ದೆಹೋಗುತ್ತಾನೆ, ತನ್ನ ಯಂತ್ರವನ್ನು ಅರಿಯುವ ಯಾವ ಪ್ರೇರಣೆಯೂ ಅವನಿಗೆ ಉಳಿಯುವುದಿಲ್ಲ ಎಂದು ಅವರು ಹೇಳುತ್ತಾರೆ. ಇದಕ್ಕೆ ಉತ್ತರಿಸಬೇಕಾದರೆ ಕಷ್ಟಗಳಲ್ಲಿ ಭೇದ ಮಾಡಬೇಕು. ಫ್ರೆಡ್ ಬ್ರೂಕ್ಸ್ 1986ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅರಿಸ್ಟಾಟಲನಿಂದ ಪಡೆದ ಒಂದು ಭೇದವನ್ನು ತಂತ್ರಾಂಶಕ್ಕೆ ಅನ್ವಯಿಸಿದರು: ವಿಷಯದ ಸ್ವಭಾವದಲ್ಲೇ ಇರುವ ಕಷ್ಟ ಬೇರೆ, ನಾವು ಮಾಡಿದ ರೀತಿಯಿಂದ ಬಂದು ಸೇರಿಕೊಂಡ ಕಷ್ಟ ಬೇರೆ. ಒಂದು ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅನುಮತಿಯ ಕಲ್ಪನೆ ಮೊದಲ ಬಗೆಯದು. ಅದನ್ನು ಕಲಿತವನು ತನ್ನ ಯಂತ್ರದ ಬಗ್ಗೆ ಒಂದು ಸತ್ಯವನ್ನು ಕಲಿಯುತ್ತಾನೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯಾಗಲಿ ನಕ್ಷತ್ರವಾಗಲಿ ಏನೂ ಎಷ್ಟೋ ವ್ಯವಸ್ಥೆಗಳಲ್ಲಿ ಮೂಡದೆ ಇರುವುದು ಎರಡನೆಯ ಬಗೆಯದು. ಹೊಸಬನು ಕೀಲಿಮಣೆ ಕೆಟ್ಟಿತೆಂದು ತಿಳಿದು ಎರಡೆರಡು ಸಲ ಒತ್ತುತ್ತಾನೆ, ಪಾಸ್‌ವರ್ಡ್ ತಪ್ಪೆಂಬ ಸಂದೇಶ ಬರುತ್ತದೆ, ಯಂತ್ರವೇ ಹಾಳಾಯಿತೆಂದು ಬೆವರುತ್ತಾನೆ. ಪಕ್ಕದವರಿಗೆ ಪಾಸ್‌ವರ್ಡಿನ ಉದ್ದ ತಿಳಿಯದಿರಲಿ ಎಂಬ ಕಾರಣ ಅದಕ್ಕಿದೆ, ನಿಜ. ಆ ಕಾರಣವನ್ನು ಒಂದು ಸಾಲಿನಲ್ಲಿ ಪರದೆಯ ಮೇಲೆ ಹೇಳಬಹುದಿತ್ತು. ಹೇಳದೆ ಬಿಟ್ಟ ಮೌನದಿಂದ ಯಾರೂ ಏನನ್ನೂ ಕಲಿಯುವುದಿಲ್ಲ, ತಾನು ದಡ್ಡ ಎಂಬುದೊಂದನ್ನು ಬಿಟ್ಟು. ಸಾಧನೆಯ ಕಷ್ಟ ಸಾಧಕನನ್ನು ಬದಲಿಸುತ್ತದೆ, ಅದಕ್ಕಾಗಿಯೇ ಅದು ಗೌರವಕ್ಕೆ ಅರ್ಹ. ಬದಲಿಸದೆ ದಣಿಸುವ ಕಷ್ಟಕ್ಕೆ ಸಾಧನೆಯ ಹೆಸರಿಡಬಾರದು.

ಎಷ್ಟು ಅರ್ಹತೆ ಇದ್ದರೂ ಈ ಎರಡನೆಯ ಕಷ್ಟ ಬಿಡುವುದಿಲ್ಲ ಎಂಬುದಕ್ಕೆ ಒಳಗಿನವರದೇ ಸಾಕ್ಷ್ಯವಿದೆ. ಓಪನ್ ಸೋರ್ಸ್ ಚಳವಳಿಯ ಪ್ರಮುಖ ವಕ್ತಾರ ಎರಿಕ್ ರೇಮಂಡ್ 2004ರಲ್ಲಿ ತಮ್ಮ ಮನೆಯಲ್ಲೇ ಇನ್ನೊಂದು ಯಂತ್ರಕ್ಕೆ ಜೋಡಿಸಿದ್ದ ಪ್ರಿಂಟರನ್ನು ಬಳಸಲು ಹೊರಟು ಪಟ್ಟ ಪಾಡನ್ನು ವಿವರವಾಗಿ ಬರೆದರು. ಸಂರಚನೆಯ ಪರದೆ ಕೇಳಿದ ಪ್ರಶ್ನೆಗಳೆಲ್ಲ ಉತ್ತರ ಮೊದಲೇ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವಂಥವು ಎಂಬುದು ಅವರ ದೂರಿನ ತಿರುಳು. ಅವರಿಗಿಂತ ಹೆಚ್ಚಿನ ಅಧಿಕಾರಿ ಸಿಗುವುದು ಕಷ್ಟ. ಅಂಥವರೂ ಅಲ್ಲಿ ಎಡವಿದರೆಂದ ಮೇಲೆ ಆ ಕಲ್ಲು ಎಡವುವವನ ಕಾಲಿನಲ್ಲಿಲ್ಲ.

ಅರ್ಹತೆಯ ಮಾತಿಗೆ ಇನ್ನೊಂದು ಅಪಾಯವಿದೆ, ಅದನ್ನು ನಮ್ಮ ಇತಿಹಾಸ ನಮಗೆ ನೋವಿನಿಂದ ಕಲಿಸಿದೆ. ವಿವೇಕ ವೈರಾಗ್ಯಗಳನ್ನು ಕೇಳುವ ಅದೇ ಬ್ರಹ್ಮಸೂತ್ರ ಭಾಷ್ಯದಲ್ಲಿ ಅಪಶೂದ್ರಾಧಿಕರಣವೂ ಇದೆ. ಅಲ್ಲಿ ಶೂದ್ರರಿಗೆ ವೇದಪೂರ್ವಕ ಬ್ರಹ್ಮವಿದ್ಯೆಯ ಅಧಿಕಾರವನ್ನು ನಿರಾಕರಿಸಲಾಗಿದೆ. ಇತಿಹಾಸ ಪುರಾಣಗಳ ದಾರಿ ಅವರಿಗೆ ತೆರೆದಿದೆ ಎಂಬ ಸಮಾಧಾನವೂ ಅಲ್ಲೇ ಇದೆ. ಮನಸ್ಸಿನ ಪಕ್ವತೆಯ ವಿಚಾರವಾಗಿ ಆರಂಭವಾದದ್ದು ಹುಟ್ಟಿನ ವಿಚಾರವಾಗಿ ನಿಂತಿತು. ಲಿನಕ್ಸ್‌ನ ಹಳಬರು ಯಾರ ಹುಟ್ಟನ್ನೂ ಕೇಳುವುದಿಲ್ಲ, ಈ ಎರಡನ್ನು ಸಮವೆಂದು ಕಾಣುವುದು ಅನ್ಯಾಯ. ಆದರೆ ಸಂದರ್ಭ ಮಾತ್ರದಿಂದ ದೊರೆಯುವ ಅನುಕೂಲ ಅರ್ಹತೆಯ ವೇಷದಲ್ಲಿ ಬರುವ ಬಗೆ ಒಂದೇ. ಕೈಪಿಡಿ ಓದು ಎಂಬ ಮಾತಿನ ಹಿಂದೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ಇದೆ. ಹುಡುಕಿ ನೋಡು ಎಂಬ ಮಾತಿನ ಹಿಂದೆ ಬಿಡುವು ಇದೆ, ಮೊದಲ ಯಂತ್ರ ಏಳದಿದ್ದಾಗ ಹುಡುಕಲು ಇನ್ನೊಂದು ಯಂತ್ರವಿದೆ ಎಂಬ ನಂಬಿಕೆ ಇದೆ. ಹಗಲೆಲ್ಲ ದುಡಿದು ರಾತ್ರಿ ಮಗಳ ಶಾಲೆಯ ಅರ್ಜಿ ತುಂಬಲು ಕುಳಿತವರಲ್ಲಿ ಈ ಮೂರೂ ಇಲ್ಲದಿರಬಹುದು. ಅವರಲ್ಲಿ ಕುತೂಹಲವಿಲ್ಲ, ಶ್ರದ್ಧೆಯಿಲ್ಲ ಎಂದು ತೀರ್ಪು ಕೊಡಲು ಯಾರಿಗೂ ಹಕ್ಕಿಲ್ಲ.

ಡೆಬಿಯನ್ ಯೋಜನೆಯಲ್ಲಿ ನಡೆದ ಒಂದು ವಿವಾದ ಈ ದೃಷ್ಟಿಯಿಂದ ಧರ್ಮಜಿಜ್ಞಾಸೆಯ ಪಾಠದಂತಿದೆ. 1993ರಲ್ಲಿ ಹುಟ್ಟಿದ ಡೆಬಿಯನ್ 1997ರಲ್ಲಿ ತನ್ನ ಸಾಮಾಜಿಕ ಒಪ್ಪಂದವನ್ನು ಬರೆದುಕೊಂಡಿತು. ತನ್ನ ವ್ಯವಸ್ಥೆ ಪೂರ್ತಿ ಸ್ವತಂತ್ರವಾಗಿಯೇ ಇರುತ್ತದೆ ಎಂಬ ಪ್ರತಿಜ್ಞೆ ಅದರಲ್ಲಿತ್ತು, ತನ್ನ ಆದ್ಯತೆ ಬಳಕೆದಾರರು ಮತ್ತು ಸ್ವತಂತ್ರ ತಂತ್ರಾಂಶ ಎಂಬ ಪ್ರತಿಜ್ಞೆಯೂ ಇತ್ತು. ಎರಡೂ ಎಂದೂ ಎದುರುಬದುರಾಗುವುದಿಲ್ಲ ಎಂದುಕೊಂಡರೆ ಸುಲಭ. ಆದರೆ ಇಂದಿನ ವೈಫೈ ಚಿಪ್‌ಗಳಲ್ಲಿ ಬಹುಪಾಲು ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶವನ್ನು ತುಂಬದೆ ಕೆಲಸ ಮಾಡುವುದಿಲ್ಲ, ಮತ್ತು ಅದು ಸ್ವತಂತ್ರವಲ್ಲ. ಡೆಬಿಯನ್‌ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೊಸಬನು ಅದನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಿಂದ ಶುರುಮಾಡಿದರೆ ವೈಫೈ ಸಿಗುತ್ತಿರಲಿಲ್ಲ. ವೈಫೈ ಇಲ್ಲದೆ ಬೇಕಾದ ಫರ್ಮ್‌ವೇರ್ ಇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಫರ್ಮ್‌ವೇರ್ ಸೇರಿಸಿದ ಅನಧಿಕೃತ ಪ್ರತಿಯೊಂದು ಇತ್ತು, ಅದು ಇರುವುದು ಗೊತ್ತಿದ್ದವರು ಹುಡುಕಿ ತೆಗೆಯುತ್ತಿದ್ದರು. ಅಂದರೆ ವ್ರತದ ಶುದ್ಧಿಗೆ ಬೆಲೆ ತೆರುತ್ತಿದ್ದವರು ವ್ರತ ಹಿಡಿದವರಲ್ಲ, ದಾರಿ ಗೊತ್ತಿಲ್ಲದವರು. 2022ರಲ್ಲಿ ಸದಸ್ಯರು ಇದನ್ನು ಮತಕ್ಕೆ ಹಾಕಿ ಸಾಮಾಜಿಕ ಒಪ್ಪಂದವನ್ನೇ ತಿದ್ದಿ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ಗೆ ಸೇರಿಸಲು ನಿರ್ಧರಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಹಾಗೆಯೇ ಬಂತು. ಇದನ್ನು ಸೋಲೆಂದು ಬಗೆದವರಿದ್ದಾರೆ, ಅವರ ಕಳವಳ ಪ್ರಾಮಾಣಿಕವಾದದ್ದು: ಇಂದು ಫರ್ಮ್‌ವೇರ್, ನಾಳೆ ಇನ್ನೇನು? ಆದರೂ ನನಗೆ ಈ ನಿರ್ಣಯ ಸರಿಯೆನಿಸುತ್ತದೆ. ಆ ಫರ್ಮ್‌ವೇರ್ ಇಲ್ಲದ ಇನ್‌ಸ್ಟಾಲರ್ ಹೊಸಬನನ್ನು ಸ್ವತಂತ್ರನನ್ನಾಗಿ ಮಾಡುತ್ತಿರಲಿಲ್ಲ, ಪೂರ್ತಿ ಪರತಂತ್ರವಾದ ವ್ಯವಸ್ಥೆಗೇ ಮರಳಿ ಕಳಿಸುತ್ತಿತ್ತು. ತನ್ನ ಕೈ ಮಡಿಯಾಗಿರಲಿ ಎಂಬ ಕಾಳಜಿಯೂ ಇನ್ನೊಬ್ಬ ಬಿಡುಗಡೆಯಾಗಲಿ ಎಂಬ ಕಾಳಜಿಯೂ ಘರ್ಷಿಸಿದಾಗ, ಸಾರ್ವತ್ರಿಕ ಸ್ವಾತಂತ್ರ್ಯದ ಹೆಸರು ಹೇಳುವವರು ಎರಡನೆಯದನ್ನು ಆರಿಸಬೇಕು. ಯಾವ ಚಿಪ್‌ಗೆ ಯಾವ ಫರ್ಮ್‌ವೇರ್ ಹೋಯಿತೆಂದು ಬಳಕೆದಾರನಿಗೆ ತಿಳಿಸುವ ಕೆಲಸವನ್ನೂ ಅವರು ಬಿಡಲಿಲ್ಲ ಎಂಬುದು ಆ ಆಯ್ಕೆಗೆ ಘನತೆ ತರುತ್ತದೆ.

ಇನ್ನು ಕೊಡುಗೆಯ ವಾದ. ಇದನ್ನೆಲ್ಲ ಕಟ್ಟಿದವರಲ್ಲಿ ಬಹಳ ಜನ ಸಂಬಳವಿಲ್ಲದೆ ತಮ್ಮ ರಾತ್ರಿಗಳನ್ನು ಕೊಟ್ಟವರು. ಪುಕ್ಕಟೆ ಪಡೆದವನು ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಕೃತಘ್ನತೆಯಲ್ಲವೇ? ವ್ಯಕ್ತಿಯ ಮಟ್ಟದಲ್ಲಿ ಇದನ್ನು ನಾನು ಒಪ್ಪುತ್ತೇನೆ. ಒಬ್ಬ ಸ್ವಯಂಸೇವಕನ ಮೇಲೆ ಹರಿಹಾಯುವ ಹಕ್ಕು ಯಾರಿಗೂ ಇಲ್ಲ, ಹೊಸಬರು ಅದನ್ನು ಮರೆತಾಗ ನೋವಾಗುವುದು ಸಹಜ. ಆದರೆ ದಾನದ ಬಗ್ಗೆ ನಮ್ಮ ಪರಂಪರೆ ಏನು ಕಲಿಸುತ್ತದೆ ಎಂಬುದನ್ನೂ ನೆನೆಯಬೇಕು. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಗುರುಕುಲ ಬಿಟ್ಟು ಹೊರಡುವ ಶಿಷ್ಯನಿಗೆ ಕೊಡು ಎಂದಷ್ಟೇ ಹೇಳಿ ಬಿಡುವುದಿಲ್ಲ. ಶ್ರದ್ಧೆ, ವಿನಯ, ತಿಳಿವುಗಳಿಂದ ಕೊಡಬೇಕೆಂದು ಕೊಡುವ ರೀತಿಯನ್ನೂ ವಿಧಿಸುತ್ತದೆ. ಪಡೆಯುವವನ ಸ್ಥಿತಿಯನ್ನು ಅರಿಯದೆ ಕೊಟ್ಟದ್ದು ಅಪೂರ್ಣ ದಾನ. ಅಲ್ಲದೆ, ಹೊಣೆ ಆ ಒಬ್ಬ ಸ್ವಯಂಸೇವಕನದೇ ಆಗಬೇಕಿಲ್ಲ. ಸಂದೇಶವನ್ನು ಸರಳವಾಗಿ ತಿರುಗಿ ಬರೆಯುವವರು, ಅನುವಾದಿಸುವವರು, ಹೊಸಬನ ಪಕ್ಕ ಕುಳಿತು ಅವನು ಎಲ್ಲಿ ನಿಂತ ಎಂದು ಗಮನಿಸಿ ವರದಿ ಮಾಡುವವರು, ಇವರೂ ಕೊಡುವವರ ಬಳಗದಲ್ಲಿದ್ದಾರೆ. ಕೋಡ್ ಬರೆದವನನ್ನು ಮಾತ್ರ ದಾನಿಯೆಂದು ಎಣಿಸುತ್ತ ಬಂದದ್ದರಿಂದಲೇ ಈ ಕೆಲಸಗಳು ಸೊರಗಿವೆ.

ಅಭ್ಯಾಸದ ವಾದಕ್ಕೆ ಹೆಚ್ಚು ಹೊತ್ತು ಬೇಡ. ವಿಂಡೋಸ್ ಕೂಡ ಸುಲಭವಲ್ಲ, ಇಪ್ಪತ್ತು ವರ್ಷ ರೂಢಿಯಾದ್ದರಿಂದ ಹಾಗೆ ಕಾಣುತ್ತದೆ ಎನ್ನುತ್ತಾರೆ, ನಿಜವೇ. ಆದರೆ ಆ ರೂಢಿ ಒಬ್ಬ ಮನುಷ್ಯ ಬದುಕಿನ ಭಾಗ ಕೊಟ್ಟು ಗಳಿಸಿದ್ದು. ಅದನ್ನು ಭ್ರಮೆಯಂತೆ ಕಾಣದೆ ಅಲ್ಲಿಂದ ಇಲ್ಲಿಗೆ ಸಾಗುವ ದಾರಿಯಲ್ಲಿ ಅದಕ್ಕೆ ಬೆಲೆ ಕೊಡಬೇಕು. ಹೆಚ್ಚು ಕಾಡುವುದು ಬೇರೊಂದು ಆಕ್ಷೇಪಣೆ. ಲಿನಕ್ಸ್ ಎಲ್ಲಿ ಸುಲಭವಾಯಿತೋ ಅಲ್ಲಿ ಸ್ವಾತಂತ್ರ್ಯ ಕರಗಿತು ಎಂಬುದು ಅದು. ಆಂಡ್ರಾಯ್ಡ್ ಫೋನುಗಳಲ್ಲಿ ಓಡುವುದು ಲಿನಕ್ಸ್ ಕರ್ನಲ್. ಹಳ್ಳಿಯ ಅಜ್ಜಿಯೂ ಅದನ್ನು ಸಲೀಸಾಗಿ ಬಳಸುತ್ತಾಳೆ. ಆದರೆ ಆ ಫೋನಿನ ಒಡೆತನ ಅವಳಿಗಿಂತ ಕಂಪನಿಗಳ ಕೈಯಲ್ಲೇ ಹೆಚ್ಚು ಇದೆ. ಡೆಸ್ಕ್‌ಟಾಪ್‌ನಲ್ಲೂ ಇದರ ನೆರಳಿದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಯೋಜನೆಯ ಹ್ಯಾವೊಕ್ ಪೆನ್ನಿಂಗ್ಟನ್ 2002ರಲ್ಲೇ ಪ್ರತಿಯೊಂದು ಆಯ್ಕೆಗೂ ಒಂದು ಬೆಲೆಯಿದೆ ಎಂದು ವಾದಿಸಿದ್ದರು. 2011ರಲ್ಲಿ ಬಂದ ಗ್ನೋಮ್ 3 ಸರಳತೆಯ ಹೆಸರಿನಲ್ಲಿ ಕಿಟಕಿ ಕಿರಿದಾಗಿಸುವ ಗುಂಡಿಯನ್ನೂ ಬಿಟ್ಟಿತು, ಸ್ವತಃ ಟೊರ್ವಾಲ್ಡ್ಸ್ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋದರು. ಸುಲಭ ಮಾಡುವವರು ನಮ್ಮ ಪರವಾಗಿ ತೀರ್ಮಾನಿಸುತ್ತಾರೆ ಎಂಬ ಭಯ ಆಧಾರವಿಲ್ಲದ್ದಲ್ಲ. ಆದರೆ ಅಲ್ಲಿ ಮುಂದೇನಾಯಿತು ನೋಡಿ. ಒಪ್ಪದವರು ಹಳೆಯ ಗ್ನೋಮ್ 2 ಅನ್ನು ಮಾಟೆ ಎಂಬ ಹೆಸರಿನಲ್ಲಿ ಉಳಿಸಿ ಬೆಳೆಸಿದರು, ಲಿನಕ್ಸ್ ಮಿಂಟ್ ಬಳಗ ಸಿನಮನ್ ಎಂಬ ಡೆಸ್ಕ್‌ಟಾಪ್ ಕಟ್ಟಿತು, ಮತ್ತು ವಿಂಡೋಸ್ ಬಿಟ್ಟು ಬರುವ ಹೊಸಬರಿಗೆ ಇಂದು ಮೊದಲು ಹೇಳುವ ಹೆಸರುಗಳಲ್ಲಿ ಮಿಂಟ್ ಒಂದು. ಆಂಡ್ರಾಯ್ಡ್‌ನಲ್ಲಿ ಸ್ವಾತಂತ್ರ್ಯವನ್ನು ತಿಂದದ್ದು ಸೌಲಭ್ಯವಲ್ಲ. ಫೋನನ್ನು ಶುರುಮಾಡುವ ಬೂಟ್‌ಲೋಡರ್‌ಗೆ ಬೀಗ ಹಾಕಿದ್ದು, ಆ್ಯಪ್‌ಗಳನ್ನು ಬಹುಮಟ್ಟಿಗೆ ಒಂದೇ ಅಂಗಡಿಗೆ ಕಟ್ಟಿದ್ದು ವ್ಯಾಪಾರದ ತೀರ್ಮಾನಗಳು. ದೊಡ್ಡ ಅಕ್ಷರದ, ಸ್ಪಷ್ಟ ಮಾತಿನ ಪರದೆಯಿಂದ ಯಾರೂ ಗುಲಾಮರಾಗಿಲ್ಲ.

ವೈಷ್ಣವ ಪರಂಪರೆಯ ಒಂದು ಪ್ರಸಂಗ ಇಲ್ಲಿ ಬೆಳಕು ಕೊಡುತ್ತದೆ. ರಾಮಾನುಜರನ್ನು ಅವರ ಗುರು ಗೋಷ್ಠೀಪೂರ್ಣರು ಹದಿನೆಂಟು ಸಲ ಅಲೆಸಿ, ಗುಟ್ಟು ಬಿಡುವುದಿಲ್ಲವೆಂಬ ಮಾತು ಪಡೆದು ಮಂತ್ರಾರ್ಥ ಉಪದೇಶಿಸಿದರಂತೆ. ರಾಮಾನುಜರು ತಿರುಕೋಷ್ಟಿಯೂರಿನ ದೇವಾಲಯವನ್ನು ಹತ್ತಿ ಅದನ್ನು ಎಲ್ಲರಿಗೂ ಕೇಳುವಂತೆ ಸಾರಿದರಂತೆ, ಎಲ್ಲರೂ ಉಳಿಯುವುದಾದರೆ ತಾನು ನರಕಕ್ಕೆ ಹೋಗಲು ಸಿದ್ಧ ಎಂದರಂತೆ. ಮೇಲುಕೋಟೆಯ ನೆನಪಿನೊಂದಿಗೆ ರಾಮಾನುಜರನ್ನು ಬಲ್ಲ ಕನ್ನಡಿಗರಿಗೆ ಈ ಕಥೆ ಪರಿಚಿತ. ಆದರೆ ಅದರ ಮುಂದಿನ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಾರಿದ್ದು ಒಂದು ದಿನದ ಕೆಲಸ. ಸಾರಿದ್ದನ್ನು ಜನಕ್ಕೆ ತಲುಪಿಸಲು ಆ ಸಂಪ್ರದಾಯ ತಲೆಮಾರುಗಳ ಕಾಲ ದುಡಿಯಿತು. ಪಿಳ್ಳೈ ಲೋಕಾಚಾರ್ಯರು ಮುಮುಕ್ಷುಪ್ಪಡಿಯಂಥ ರಹಸ್ಯಗ್ರಂಥಗಳನ್ನು ಸಂಸ್ಕೃತ ತಮಿಳು ಬೆರೆತ ಮಣಿಪ್ರವಾಳದಲ್ಲಿ, ಸಂಸ್ಕೃತ ಶಾಸ್ತ್ರ ಓದದವರಿಗೂ ಎಟುಕುವಂತೆ ಬರೆದರು. ನಮ್ಮಲ್ಲಿ ಶರಣರು, ಅವರ ನಂತರ ಹರಿದಾಸರು ಇದೇ ಕೆಲಸವನ್ನು ಕನ್ನಡದಲ್ಲಿ ಮಾಡಿದರು. ಇವರಾರೂ ತತ್ತ್ವವನ್ನು ತೆಳುಮಾಡಲಿಲ್ಲ. ಅದಕ್ಕೆ ಹೋಗುವ ದಾರಿಯ ಮೇಲಿನ ಸುಂಕವನ್ನು ತೆಗೆದುಹಾಕಿದರು.

ಇಂಥ ಕೆಲಸ ತಂತ್ರಾಂಶದಲ್ಲೂ ಆಗಬಲ್ಲದು ಎಂಬುದಕ್ಕೆ ಪಕ್ಕದ ಕೇರಳ ಸಾಕ್ಷಿ. 2001ರಲ್ಲಿ ಆರಂಭವಾದ ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. ಈಗ ಕೈಟ್ ಎಂಬ ಹೆಸರಿನ ಆ ಸಂಸ್ಥೆ 2019ರಲ್ಲಿ ತಾನೇ ಸಿದ್ಧಪಡಿಸಿದ ಉಬುಂಟು ಆಧಾರಿತ ಆವೃತ್ತಿಯನ್ನು 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗಾಗಿ ಹೊರತಂದಿತು. ಅಲ್ಲಿನ ಮೇಷ್ಟ್ರುಗಳು ಬೇರೆಡೆಯವರಿಗಿಂತ ಹೆಚ್ಚು ಅರ್ಹರಾಗಿ ಹುಟ್ಟಿದವರಲ್ಲ. ತರಬೇತುದಾರರ ಜಾಲ, ಪಠ್ಯಕ್ಕೆ ಹೊಂದಿದ ತಂತ್ರಾಂಶ, ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನಂಥ ಬಳಗಗಳು ಕಟ್ಟಿಕೊಟ್ಟ ಅಕ್ಷರವಿನ್ಯಾಸಗಳು, ಇವೆಲ್ಲ ಸೇರಿ ಅರ್ಹತೆಯನ್ನು ಉಂಟುಮಾಡಿದವು. ಜರ್ಮನಿಯ ಮ್ಯೂನಿಕ್ ನಗರಾಡಳಿತವೂ 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದಿತ್ತು, 2017ರಲ್ಲಿ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ಅಲ್ಲಿ ರಾಜಕಾರಣವೂ ಇತ್ತು, ನೌಕರರ ದೂರುಗಳೂ ಇದ್ದವು. ಕೊಟ್ಟ ಮೇಲೂ ಜೊತೆಗಿರುವವರು ಬೇಕು ಎಂಬುದಕ್ಕೆ ಅದು ಇನ್ನೊಂದು ಬದಿಯ ಸಾಕ್ಷ್ಯ.

ಕನ್ನಡಿಗ ಹೊಸಬನ ಮುಂದೆ ಇಂದು ನಿಂತಿರುವುದು ಹೀಗೆ. ವರ್ಷಗಳ ಕಾಲ ನುಡಿ ಎಂಬ ಕನ್ನಡ ಬರಹದ ತಂತ್ರಾಂಶದಲ್ಲಿ ಬರೆದಿಟ್ಟ ಕಡತವನ್ನು ಲಿನಕ್ಸ್‌ನ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತಾನೆ. ಹಳೆಯ ನುಡಿ ಅಕ್ಷರಗಳು ಯೂನಿಕೋಡ್ ಅಲ್ಲವಾದ್ದರಿಂದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟದ ತುಂಬ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಕಡತ ಹಾಳಾಗಿಲ್ಲ, ಪರಿವರ್ತಕಗಳಿವೆ, ಆದರೆ ಆ ಪುಟ ಅದನ್ನು ಅವನಿಗೆ ಹೇಳುವುದಿಲ್ಲ. ಟೈಪ್ ಮಾಡಲು ಹೋದರೆ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಪಟ್ಟಿಯ ಒಳಗೊಳಗೆ ಕನ್ನಡಕ್ಕೆ ಹಲವು ನಮೂದುಗಳಿವೆ: ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಕಗಪ. ಅವನ ಬೆರಳುಗಳಿಗೆ ಗೊತ್ತಿರುವ ವಿನ್ಯಾಸ ಕಗಪ ಎಂಬ ಹೆಸರಿನಡಿ ಇದೆ, ಅವನಿಗೆ ಗೊತ್ತಿರುವ ಹೆಸರು ನುಡಿ, ಆ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅದೇ ಸಮಯದಲ್ಲಿ, ಗುಬ್ಬಿ ಮತ್ತು ನವಿಲು ಎಂಬ ಸುಂದರ ಕನ್ನಡ ಫಾಂಟ್‌ಗಳು ಡೆಬಿಯನ್‌ನ ಉಗ್ರಾಣದಲ್ಲೇ ಇವೆ, ಕೇಳಿದರೆ ಉಚಿತವಾಗಿ ಬರುತ್ತವೆ. ಯಾರೋ ಪ್ರೀತಿಯಿಂದ ಮಾಡಿಟ್ಟದ್ದು. ಬೇಕಾದ ವಸ್ತುಗಳೆಲ್ಲ ಇವೆ ಎಂಬುದೇ ಇಲ್ಲಿ ವ್ಯಥೆಯ ವಿಷಯ. ಪಟ್ಟಿಯ ಆ ನಮೂದಿನ ಪಕ್ಕ 'ನುಡಿ ವಿನ್ಯಾಸ' ಎಂಬ ಎರಡು ಪದ ಸೇರಿಸುವುದಕ್ಕೆ, ಹಳೆಯ ಕಡತ ತೆರೆದಾಗ 'ಇದು ನುಡಿಯಲ್ಲಿ ಬರೆದದ್ದು, ಯೂನಿಕೋಡ್‌ಗೆ ಬದಲಿಸಲೇ?' ಎಂದು ಕನ್ನಡದಲ್ಲಿ ಕೇಳುವ ಒಂದು ಸಣ್ಣ ಸೌಲಭ್ಯಕ್ಕೆ ಮಹಾ ಸಂಶೋಧನೆಯೇನೂ ಬೇಡ. ಇವನ್ನು ಮಾಡಬಲ್ಲ ಎಂಜಿನಿಯರುಗಳಿಗೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಬರವಿಲ್ಲ, ಸೋರ್ಸ್ ಕೋಡ್ ಅವರ ಮುಂದೆ ತೆರೆದೇ ಇದೆ. ಬದಲಿಸಿ ಹಂಚುವ ಸ್ವಾತಂತ್ರ್ಯವನ್ನು ಅವರು ಬಳಸಿದರೆ ಮಾತ್ರ ಆ ಹೊಸಬನಿಗೆ ನಡೆಸುವ ಸ್ವಾತಂತ್ರ್ಯ ಸಿಗುತ್ತದೆ.